ಕಣ್ಣಳತೆಯಾಚೆಯ ನೌಕರರು: ಹೈಬ್ರಿಡ್ ಕಾಲದ ಸಿಬ್ಬಂದಿ ನಿರ್ವಹಣೆ

ನೌಕರರು ವಾರದ ಕೆಲವು ದಿನ ಕಚೇರಿಗೆ ಬಂದು, ಉಳಿದ ದಿನ ಮನೆಯಿಂದಲೇ ಕೆಲಸ ಮಾಡುವ ಪದ್ಧತಿಗೆ ಹೈಬ್ರಿಡ್ ಎಂದು ಹೆಸರು. ಇದರಲ್ಲಿ ಒಂದೇ ಮಾದರಿ ಇಲ್ಲ. ಕೆಲವು ಕಂಪನಿಗಳು ವಾರಕ್ಕೆ ಇಷ್ಟು ದಿನ ಎಂದು ಗೊತ್ತುಮಾಡುತ್ತವೆ, ಕೆಲವು ತಿಂಗಳ ಲೆಕ್ಕ ಹಿಡಿಯುತ್ತವೆ, ಇನ್ನು ಕೆಲವು ಆಯಾ ತಂಡದ ಮ್ಯಾನೇಜರ್ ವಿವೇಚನೆಗೆ ಬಿಡುತ್ತವೆ. ವಿಪ್ರೊ 2023ರ ನವೆಂಬರ್‌ನಿಂದ ವಾರಕ್ಕೆ ಮೂರು ದಿನದ ಹಾಜರಿಯನ್ನು ಕಡ್ಡಾಯ ಮಾಡಿತು. ಇನ್ಫೋಸಿಸ್ 2025ರ ಮಾರ್ಚ್‌ನಿಂದ ಕೆಳಗಿನ ಮತ್ತು ಮಧ್ಯಮ ಶ್ರೇಣಿಯವರು ತಿಂಗಳಿಗೆ ಕನಿಷ್ಠ ಹತ್ತು ದಿನ ಬರಬೇಕೆಂದಿತು. ಟಿಸಿಎಸ್ 2023ರ ಅಕ್ಟೋಬರ್‌ನಲ್ಲೇ ಐದೂ ದಿನ ಬರಲು ಹೇಳಿತು. ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಬಗೆಯ ಕೆಲಸ; ಉತ್ತರ ಮಾತ್ರ ಮೂರು ಬಗೆ. ದಿನಗಳ ಲೆಕ್ಕ ಏನೇ ಇರಲಿ, ಮಾನವ ಸಂಪನ್ಮೂಲ ವಿಭಾಗದ ಮೇಲೆ ಬೀಳುವ ಹೊಣೆ ಒಂದೇ. ಎಲ್ಲರೂ ಒಂದೇ ಸೂರಿನಡಿ ಇದ್ದಾಗ ತಾನಾಗಿ ನಡೆದುಹೋಗುತ್ತಿದ್ದ ಹತ್ತಾರು ಸಂಗತಿಗಳನ್ನು ಈಗ ಯೋಚಿಸಿ, ಬರೆದಿಟ್ಟು, ಬೇಕೆಂದೇ ನಡೆಸಬೇಕಾಗಿದೆ.

ತುರ್ತಿಗೆ ಬಂದದ್ದು, ಉಳಿದುಕೊಂಡದ್ದು

ದೂರದಿಂದ ದುಡಿಯುವ ಆಲೋಚನೆಗೆ ಅರ್ಧ ಶತಮಾನದ ಇತಿಹಾಸವಿದೆ. ಅಮೆರಿಕದ ಜಾಕ್ ನಿಲ್ಸ್ 1973ರಲ್ಲೇ ಅದಕ್ಕೆ ಟೆಲಿಕಮ್ಯೂಟಿಂಗ್ ಎಂದು ಹೆಸರಿಟ್ಟು, ನೌಕರರನ್ನು ಕೆಲಸದ ಬಳಿಗೆ ಸಾಗಿಸುವ ಬದಲು ಕೆಲಸವನ್ನೇ ಅವರ ಬಳಿಗೆ ಕಳಿಸಬಹುದೆಂದು ವಾದಿಸಿದರು. ಭಾರತದಲ್ಲಿ ಇದಕ್ಕೆ ನಿಯಮಗಳೇ ಅಡ್ಡಿಯಾಗಿದ್ದವು. ಕಾಲ್‌ಸೆಂಟರ್, ಬಿಪಿಒಗಳು ದೂರಸಂಪರ್ಕ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕಿತ್ತು. ನೌಕರರು ಮನೆಯಿಂದ ಕೆಲಸ ಮಾಡಬೇಕೆಂದರೆ ಬ್ಯಾಂಕ್ ಗ್ಯಾರಂಟಿ ಮುಂತಾದ ಷರತ್ತುಗಳು ಬೇರೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನ್ ಬಂದಾಗ ಇಲಾಖೆ ಇವನ್ನು ತಾತ್ಕಾಲಿಕವಾಗಿ ಸಡಿಲಿಸಿತು. ನವೆಂಬರ್ ಹೊತ್ತಿಗೆ ಹೆಚ್ಚಿನವನ್ನು ಕೈಬಿಟ್ಟಿತು.

ಮನೆಯಿಂದಲೂ ಕೆಲಸ ನಡೆಯುತ್ತದೆಂಬ ಆ ದಿನಗಳ ಹುರುಪಿನಲ್ಲಿ ಟಿಸಿಎಸ್, 2025ರ ಹೊತ್ತಿಗೆ ಕಾಲುಭಾಗದಷ್ಟು ನೌಕರರು ಮಾತ್ರ ಕಚೇರಿಯಲ್ಲಿದ್ದರೆ ಸಾಕೆಂಬ ಗುರಿ ಘೋಷಿಸಿತ್ತು. ಗುರಿಯ ವರ್ಷ ಬರುವ ಮುನ್ನವೇ ಅದು ಪೂರ್ಣ ಹಾಜರಿಗೆ ಮರಳಿತು. ಕೋವಿಡ್ ನಂತರ ಸೇರಿದ ದೊಡ್ಡ ಸಂಖ್ಯೆಯ ಹೊಸಬರು ಹಿರಿಯರೊಡನೆ ಒಡನಾಡದೆ ಸಂಸ್ಥೆಯ ರೀತಿನೀತಿ ಕಲಿಯುವುದು ಕಷ್ಟವೆಂಬುದು ಅದು ಕೊಟ್ಟ ಮುಖ್ಯ ಕಾರಣ.

ಅಧ್ಯಯನಗಳು ತೋರಿಸಿದ್ದು

ಈ ಬಗೆಯ ವಾದಗಳನ್ನು ಪ್ರಯೋಗಕ್ಕೆ ಒಡ್ಡಿದವರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಪ್ರಮುಖರು. 2010-11ರಲ್ಲಿ ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಕಾಲ್‌ಸೆಂಟರ್ ನೌಕರರಲ್ಲಿ ಕೆಲವರನ್ನು ಒಂಬತ್ತು ತಿಂಗಳು ವಾರಕ್ಕೆ ನಾಲ್ಕು ದಿನ ಮನೆಯಿಂದ ದುಡಿಸಲಾಯಿತು. ಅವರ ಕೆಲಸದ ಪ್ರಮಾಣ ಶೇ 13ರಷ್ಟು ಏರಿತು, ಕೆಲಸ ಬಿಡುವವರ ಸಂಖ್ಯೆ ಅರ್ಧಕ್ಕಿಳಿಯಿತು. ಆದರೆ ಪ್ರಯೋಗ ಮುಗಿದಾಗ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಕಚೇರಿಗೇ ಮರಳಿದರು. ಒಂಟಿತನ ಅದಕ್ಕೆ ದೊಡ್ಡ ಕಾರಣ. ಮಾಡಿದ ಕೆಲಸಕ್ಕೆ ತಕ್ಕ ಬಡ್ತಿಯೂ ಮನೆಯಲ್ಲಿದ್ದವರಿಗೆ ಸಿಗಲಿಲ್ಲ.

ದಶಕದ ನಂತರ ಅದೇ ಕಂಪನಿ, ಟ್ರಿಪ್.ಕಾಮ್ ಎಂಬ ಹೊಸ ಹೆಸರಿನಲ್ಲಿ, 1,612 ನೌಕರರೊಡನೆ ಇನ್ನೊಂದು ಪ್ರಯೋಗಕ್ಕೆ ಒಪ್ಪಿತು. ಒಂದು ಗುಂಪಿಗೆ ಬುಧವಾರ ಮತ್ತು ಶುಕ್ರವಾರ ಮನೆಯಿಂದ ಕೆಲಸ ಮಾಡುವ ಅವಕಾಶ; ಇನ್ನೊಂದಕ್ಕೆ ಐದೂ ದಿನ ಕಚೇರಿ. 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ, ಮೊದಲ ಗುಂಪಿನಲ್ಲಿ ಕೆಲಸ ಬಿಡುವವರು ಮೂರನೇ ಒಂದರಷ್ಟು ಕಡಿಮೆಯಾದರು. ಎರಡು ವರ್ಷಗಳ ಅಪ್ರೈಸಲ್‌ನಲ್ಲಾಗಲಿ ಬಡ್ತಿಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಮಹಿಳೆಯರು, ದೂರದಿಂದ ಓಡಾಡುವವರು ಮತ್ತು ಮ್ಯಾನೇಜರ್ ಹುದ್ದೆಯಲ್ಲಿ ಇಲ್ಲದವರು ಹೆಚ್ಚಾಗಿ ಕೆಲಸದಲ್ಲಿ ಉಳಿದುಕೊಂಡರು. ಅನುಭವಿ ನೌಕರರೊಬ್ಬರು ಹೋದರೆ ಬದಲಿಯವರನ್ನು ಹುಡುಕಿ, ಪಳಗಿಸುವುದರಲ್ಲಿ ತಿಂಗಳುಗಳೇ ಕಳೆಯುವುದರಿಂದ, ಹೈಬ್ರಿಡ್‌ನ ಲಾಭ ಕಂಪನಿಯ ಲೆಕ್ಕದಲ್ಲಿ ಮೊದಲು ಕಾಣುವುದು ಇಲ್ಲಿಯೇ.

ಯಾವ ದಿನ, ಯಾರ ಜೊತೆ

ಟ್ರಿಪ್.ಕಾಮ್ ಪ್ರಯೋಗದಲ್ಲಿ ಎಲ್ಲರೂ ಕಚೇರಿಯಲ್ಲಿರುವ ದಿನಗಳು ಮೊದಲೇ ಗೊತ್ತಿದ್ದವು. ದಿನಗಳ ಆಯ್ಕೆಯನ್ನು ಒಬ್ಬೊಬ್ಬರಿಗೇ ಬಿಟ್ಟ ಕಡೆ ಬೇರೆಯೇ ಚಿತ್ರ. ಸೋಮವಾರ, ಶುಕ್ರವಾರ ಮನೆಯಲ್ಲಿರಲು ಬಯಸುವವರೇ ಹೆಚ್ಚು. ಹೀಗಾಗಿ ವಾರದ ನಡುವಿನ ಮೂರು ದಿನ ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ವಾಹನ ಜಾಸ್ತಿ, ಕಚೇರಿಯಲ್ಲಿ ಕುರ್ಚಿ ಕಮ್ಮಿ. ಶುಕ್ರವಾರ ಇಡೀ ಮಹಡಿ ಖಾಲಿ. ಅದಕ್ಕಿಂತ ಬೇಸರದ ಸಂಗತಿಯೆಂದರೆ, ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಕೂತು ಬಂದವರು ಹೆಡ್‌ಫೋನ್ ಹಾಕಿಕೊಂಡು, ಮನೆಯಲ್ಲಿರುವ ಸಹೋದ್ಯೋಗಿಯ ಜೊತೆ ವಿಡಿಯೊ ಕಾಲ್‌ನಲ್ಲೇ ದಿನ ಕಳೆಯುವುದು. ಅಂಥವರು ಬಾಗಿಲಲ್ಲಿ ಕಾರ್ಡ್ ಸ್ವೈಪ್ ಮಾಡಿ, ಕಾಫಿ ಕುಡಿದು, ಮಧ್ಯಾಹ್ನಕ್ಕೇ ಮನೆಗೆ ಹೊರಟರೆ ಅಚ್ಚರಿಯಿಲ್ಲ.

ಇಲ್ಲಿ ಉಪಯೋಗಕ್ಕೆ ಬರುವುದು ತಂಡವಾರು ಪಾಳಿ. ಒಟ್ಟಿಗೆ ಕೆಲಸ ಮಾಡುವವರು ಒಂದೇ ದಿನ ಬರಬೇಕು. ಬೇರೆ ಬೇರೆ ತಂಡಗಳು ಬೇರೆ ಬೇರೆ ದಿನ ಬರಬೇಕು. ಕೂಡಿ ಚರ್ಚಿಸುವ ಕೆಲಸ, ಹೊಸಬರ ತರಬೇತಿ, ತಗಾದೆ ಬಗೆಹರಿಸುವ ಮಾತುಕತೆ ಕಚೇರಿಯ ದಿನಕ್ಕೆ. ಒಬ್ಬರೇ ಕೂತು ಮಾಡುವ ಬರವಣಿಗೆ, ಕೋಡಿಂಗ್, ಲೆಕ್ಕಪತ್ರ ಮನೆಯ ದಿನಕ್ಕೆ. ಅರ್ಧ ಜನ ಕೋಣೆಯಲ್ಲಿ, ಅರ್ಧ ಜನ ಪರದೆಯಲ್ಲಿ ಇರುವ ಸಭೆ ಎಲ್ಲಕ್ಕಿಂತ ತೊಡಕಿನದು. ಮೈಕಿಗೆ ಹತ್ತಿರ ಕೂತವರ ಮಾತು ಮಾತ್ರ ಆಚೆಗೆ ಕೇಳಿಸುತ್ತದೆ, ಕೋಣೆಯ ನಗೆಗೆ ಕಾರಣ ಪರದೆಯಲ್ಲಿರುವವರಿಗೆ ತಿಳಿಯುವುದಿಲ್ಲ, ಸಭೆ ಮುಗಿದ ಮೇಲೆ ಕಾರಿಡಾರಿನಲ್ಲಿ ಆದ ತೀರ್ಮಾನ ಅವರನ್ನು ತಲುಪುವುದೇ ಇಲ್ಲ. ಒಬ್ಬರು ದೂರದಲ್ಲಿದ್ದರೂ ಎಲ್ಲರೂ ತಮ್ಮ ತಮ್ಮ ಲ್ಯಾಪ್‌ಟಾಪಿನಿಂದಲೇ ಸೇರುವುದು, ತೀರ್ಮಾನಗಳನ್ನು ಅಂದೇ ಬರೆದು ಹಂಚುವುದು ಇದಕ್ಕೆ ಸರಳ ಪರಿಹಾರ.

ಹೊಸಬರ ಕಲಿಕೆ

ಹೈಬ್ರಿಡ್‌ನಿಂದ ಹೆಚ್ಚು ನಷ್ಟವಾಗುವುದು ಹೊಸದಾಗಿ ಸೇರಿದವರಿಗೆ. ಅಮೆರಿಕದ ದೊಡ್ಡ ಕಂಪನಿಯೊಂದರ ಸಾಫ್ಟ್‌ವೇರ್ ಎಂಜಿನಿಯರ್‌ಗಳ ಬಗ್ಗೆ ನಟಾಲಿಯಾ ಇಮ್ಯಾನುಯೆಲ್, ಎಮ್ಮಾ ಹ್ಯಾರಿಂಗ್ಟನ್ ಮತ್ತು ಅಮಾಂಡಾ ಪಲೇಯಿಸ್ ಎಂಬ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನ ಇದನ್ನು ಬಿಡಿಸಿ ತೋರಿಸಿತು. ಒಂದೇ ಕಟ್ಟಡದಲ್ಲಿ ಕೂರುವ ತಂಡಗಳಲ್ಲಿ ಕಿರಿಯರ ಕೋಡ್‌ಗೆ ಹಿರಿಯರಿಂದ ಹೆಚ್ಚು ಸಲಹೆ, ತಿದ್ದುಪಡಿಗಳು ಬರುತ್ತಿದ್ದವು. ಇದರ ಲಾಭ ಯುವತಿಯರಿಗೆ ಹೆಚ್ಚು. ಅದೇ ಹೊತ್ತಿಗೆ ಕಲಿಸುವ ಹಿರಿಯರ ಸ್ವಂತ ಕೆಲಸ ಕುಂಠಿತವಾಗುತ್ತಿತ್ತು. ಮನೆಯಲ್ಲಿ ಕೂತ ಹಿರಿಯರು ಹೆಚ್ಚು ಕೆಲಸ ಮಾಡುವಂತೆ ಕಾಣುವುದಕ್ಕೆ ಒಂದು ಕಾರಣ ಇದು: ಅವರು ಯಾರಿಗೂ ಕಲಿಸುತ್ತಿಲ್ಲ.

ಕಚೇರಿಯಲ್ಲಿ ಹೊಸಬರು ಪಕ್ಕದ ಮೇಜಿನವರತ್ತ ಕುರ್ಚಿ ತಿರುಗಿಸಿ ಅರ್ಧ ನಿಮಿಷದಲ್ಲಿ ಕೇಳಿಬಿಡುವ ಪ್ರಶ್ನೆಯನ್ನು ಮನೆಯಲ್ಲಿದ್ದಾಗ ಟೈಪ್ ಮಾಡಬೇಕು. ಇಷ್ಟು ಸಣ್ಣದನ್ನು ಕೇಳಿದರೆ ಏನೆಂದುಕೊಳ್ಳುತ್ತಾರೋ ಎಂಬ ಅಳುಕಿನಲ್ಲಿ ಟೈಪ್ ಮಾಡಿದ್ದು ಅಳಿಸಿಹೋಗುತ್ತದೆ, ಕೆಲಸ ಅಲ್ಲೇ ನಿಲ್ಲುತ್ತದೆ. ಇದನ್ನು ತಪ್ಪಿಸಲು ಪ್ರತಿ ಹೊಸಬರಿಗೂ ಒಬ್ಬ ಹಿರಿಯರನ್ನು ಗೊತ್ತುಮಾಡಬೇಕು. ಮೊದಲ ಕೆಲವು ತಿಂಗಳು ಇಬ್ಬರೂ ಒಂದೇ ದಿನ ಕಚೇರಿಗೆ ಬರುವಂತಿರಬೇಕು. ಕಲಿಸಿದ್ದಕ್ಕೆ ಹಿರಿಯರ ಅಪ್ರೈಸಲ್‌ನಲ್ಲಿ ಅಂಕ ಸಿಗಬೇಕು. ತಂಡಗಳ ನಡುವಿನ ಕೊಂಡಿಗಳೂ ಹೀಗೇ ಸಡಿಲಗೊಳ್ಳುತ್ತವೆ. ಮೈಕ್ರೋಸಾಫ್ಟ್‌ನ ಸುಮಾರು 61,000 ನೌಕರರ ಸಂವಹನವನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಲ್ಲರೂ ಮನೆ ಸೇರಿದ ಮೇಲೆ ತಂಡದೊಳಗಿನ ಮಾತುಕತೆ ಬಿಗಿಯಾಗಿ, ತಂಡಗಳ ನಡುವಿನದು ಕ್ಷೀಣಿಸಿದ್ದು ಕಂಡುಬಂತು.

ಎದುರಿಗಿದ್ದವರಿಗೆ ಮಣೆ

ಸಂಬಳ ಏರಿಕೆ, ಬಡ್ತಿ, ಒಳ್ಳೆಯ ಪ್ರಾಜೆಕ್ಟ್ ಹಂಚುವಾಗ ಮ್ಯಾನೇಜರ್‌ಗೆ ಮೊದಲು ನೆನಪಾಗುವುದು ದಿನವೂ ಎದುರಿಗೆ ಕಾಣುವವರು. ಚಿಕ್ಕ ಮಕ್ಕಳ ತಾಯಂದಿರು, ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳುವವರು, ಅಂಗವಿಕಲರು ಮನೆಯ ದಿನಗಳನ್ನು ಹೆಚ್ಚು ಬಳಸುವುದರಿಂದ, ಈ ಒಲವು ಸದ್ದಿಲ್ಲದೆ ಅವರ ವಿರುದ್ಧ ಕೆಲಸ ಮಾಡುತ್ತದೆ. ಹಾಜರಿಯ ಬದಲು ಫಲಿತಾಂಶಕ್ಕೆ ಅಂಕ ಕೊಡುವುದೇ ಇದಕ್ಕೆ ಮದ್ದು ಎನ್ನುವುದು ಸುಲಭ; ಅದಕ್ಕೆ ಮುಂಚೆ ಫಲಿತಾಂಶ ಎಂದರೇನು ಎಂಬುದನ್ನು ಪ್ರತಿ ಹುದ್ದೆಗೂ ಬರೆದಿಡಬೇಕು. ಗ್ರಾಹಕರ ದೂರು ನಿಭಾಯಿಸುವವರಿಗೆ ಎಷ್ಟು ಟಿಕೆಟ್ ಮುಗಿಸಿದರು ಎಂಬುದರ ಜೊತೆಗೆ ಎಷ್ಟು ದೂರು ಮರಳಿ ಬಂದವು ಎಂಬುದೂ ಲೆಕ್ಕಕ್ಕೆ ಬರಬೇಕು. ವರ್ಷಕ್ಕೊಮ್ಮೆಯ ಅಪ್ರೈಸಲ್‌ಗೆ ಕಾಯದೆ ಮ್ಯಾನೇಜರ್ ಪ್ರತಿಯೊಬ್ಬರೊಡನೆ ನಿಯಮಿತವಾಗಿ ಬಿಡಿಬಿಡಿಯಾಗಿ ಮಾತನಾಡಬೇಕು. ಅಂಕ, ಬಡ್ತಿಗಳ ಪಟ್ಟಿಯನ್ನು ಹೆಚ್ಚು ದಿನ ಕಚೇರಿಗೆ ಬಂದವರು, ಕಡಿಮೆ ಬಂದವರು ಎಂದು ವಿಂಗಡಿಸಿ ನೋಡಿದರೆ ತಾರತಮ್ಯವಿದ್ದಲ್ಲಿ ಅದು ಅಂಕಿಯಲ್ಲೇ ಕಾಣುತ್ತದೆ.

ನಿಗಾ ಮತ್ತು ನಂಬಿಕೆ

ಕಣ್ಣಿಗೆ ಕಾಣದ ನೌಕರರ ಮೇಲೆ ಅನುಮಾನ ಸಹಜ. ಮೈಕ್ರೋಸಾಫ್ಟ್ 2022ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ 87ರಷ್ಟು ನೌಕರರು ತಾವು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದೇವೆ ಎಂದರೆ, ಅದರಲ್ಲಿ ಪೂರ್ಣ ಭರವಸೆ ಇಟ್ಟ ಮೇಲಧಿಕಾರಿಗಳು ಶೇ 12ರಷ್ಟು ಮಾತ್ರ. ಈ ಅಂತರವನ್ನು ತುಂಬಲು ಕೆಲವು ಕಂಪನಿಗಳು ಮೌಸ್, ಕೀಬೋರ್ಡ್ ಚಲನೆಯನ್ನು ಅಳೆಯುವ ತಂತ್ರಾಂಶದ ಮೊರೆ ಹೋದವು. ನೌಕರರೂ ಮೌಸನ್ನು ತಾನಾಗಿ ಅಲ್ಲಾಡಿಸುವ ಸಾಧನ ಕೊಂಡರು. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕ್ 2024ರಲ್ಲಿ, ಕೀಬೋರ್ಡ್ ಬಳಸುತ್ತಿರುವಂತೆ ತೋರಿಸಿಕೊಂಡ ಕಾರಣಕ್ಕೆ ಹನ್ನೆರಡಕ್ಕೂ ಹೆಚ್ಚು ಮಂದಿಯನ್ನು ವಜಾ ಮಾಡಿತು. ಬೆರಳಿನ ಚಲನೆ ಅಳೆದರೆ ಸಿಗುವುದು ಬೆರಳಿನ ಚಲನೆಯೇ ಹೊರತು ಕೆಲಸದ ಗುಣಮಟ್ಟವಲ್ಲ.

ಭಾರತದಲ್ಲಿ ಅನುಮಾನ ಬಯಲಿಗೆ ಬಂದದ್ದು ಮೂನ್‌ಲೈಟಿಂಗ್, ಅಂದರೆ ಒಂದು ಕಡೆ ಕೆಲಸದಲ್ಲಿದ್ದು ಇನ್ನೊಂದು ಕಡೆಯೂ ದುಡಿಯುವ ವಿಷಯದಲ್ಲಿ. 2022ರಲ್ಲಿ ವಿಪ್ರೊ ಅಧ್ಯಕ್ಷ ರಿಷದ್ ಪ್ರೇಮ್‌ಜಿ ಇದನ್ನು ವಂಚನೆ ಎಂದು ಕರೆದರು. ಪ್ರತಿಸ್ಪರ್ಧಿ ಸಂಸ್ಥೆಗಳಿಗೆ ದುಡಿಯುತ್ತಿದ್ದ 300 ಮಂದಿಯನ್ನು ಕಂಪನಿ ಮನೆಗೆ ಕಳಿಸಿತು. ಅದೇ ವರ್ಷ ಬೆಂಗಳೂರಿನ ಸ್ವಿಗ್ಗಿ, ಕೆಲಸಕ್ಕೆ ಧಕ್ಕೆಯಾಗದಿದ್ದರೆ ಹೊರಗಿನ ಕೆಲಸ ಮಾಡಬಹುದೆಂಬ ನೀತಿ ತಂದಿತು. ಇನ್ಫೋಸಿಸ್ ಪೂರ್ವಾನುಮತಿ ಪಡೆದು ಮಾಡಲು ದಾರಿ ಬಿಟ್ಟಿತು. ಯಾವ ದಾರಿ ಹಿಡಿದರೂ ಏನು ನಿಷಿದ್ಧ, ಯಾವುದಕ್ಕೆ ಅನುಮತಿ ಬೇಕು ಎಂಬುದು ನೇಮಕಾತಿ ಪತ್ರದಲ್ಲೇ ಸ್ಪಷ್ಟವಿರಬೇಕು.

ಕಾನೂನು ಹೇಳುವುದು

ಕೆಲಸದ ಜಾಗ ಬದಲಾದ ಮಾತ್ರಕ್ಕೆ ಕಾನೂನು ಹಿಂದೆ ಸರಿಯುವುದಿಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿದೆ. ಆದರೆ ಮನೆಯಲ್ಲಿ ಕೆಲಸ ಮುಗಿಯುವ ಹೊತ್ತು ಮಸುಕಾಗಿ, ರಾತ್ರಿ ಊಟದ ನಂತರವೂ ಲ್ಯಾಪ್‌ಟಾಪ್ ತೆರೆದೇ ಇರುತ್ತದೆ. ಕೆಲಸದ ಹೊತ್ತಿನಾಚೆ ಕರೆ, ಸಂದೇಶಗಳಿಗೆ ಉತ್ತರಿಸದಿರುವ ಹಕ್ಕನ್ನು ಫ್ರಾನ್ಸ್ 2017ರಲ್ಲಿ, ಆಸ್ಟ್ರೇಲಿಯಾ 2024ರಲ್ಲಿ ಜಾರಿಗೆ ತಂದವು. ಭಾರತದ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಕೆಲಸದ ಸ್ಥಳದ ವ್ಯಾಖ್ಯೆಯಲ್ಲಿ ವಾಸದ ಮನೆಯನ್ನೂ ಸೇರಿಸಿರುವುದರಿಂದ, ವಿಡಿಯೊ ಕಾಲ್ ಅಥವಾ ಚಾಟ್‌ನಲ್ಲಿ ನಡೆದ ಅಸಭ್ಯ ವರ್ತನೆಯ ದೂರನ್ನು ಆಂತರಿಕ ಸಮಿತಿ ಪಕ್ಕಕ್ಕೆ ಸರಿಸುವಂತಿಲ್ಲ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ, ಕೆಲಸದ ಸ್ವರೂಪ ಅನುವು ಮಾಡಿಕೊಡುವ ಕಡೆ ಹೆರಿಗೆ ರಜೆಯ ನಂತರವೂ ಪರಸ್ಪರ ಒಪ್ಪಂದದಿಂದ ಮನೆಯಿಂದ ದುಡಿಯಲು ಅವಕಾಶ ಕೊಟ್ಟಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಉದ್ಯೋಗದ ಉದ್ದೇಶಕ್ಕೆ ನೌಕರರ ಮಾಹಿತಿ ಬಳಸಲು ಮಾಲೀಕರಿಗೆ ಅವಕಾಶ ನೀಡಿದೆ. ಜೊತೆಗೆ ಆ ಮಾಹಿತಿ ಸೋರದಂತೆ ಕಾಯುವ ಹೊಣೆಯನ್ನೂ ಹೊರಿಸಿದೆ.

ಮನೆಯಿಂದ ಮಾಡಲಾಗದ ಕೆಲಸ

ಕಾವಲುಗಾರರು, ಸ್ವಚ್ಛತಾ ಸಿಬ್ಬಂದಿ, ಕ್ಯಾಂಟೀನಿನವರು, ಕ್ಯಾಬ್ ಚಾಲಕರು, ಕಾರ್ಖಾನೆಯ ಯಂತ್ರದ ಮುಂದೆ ನಿಲ್ಲುವವರು ಹೈಬ್ರಿಡ್ ಸವಲತ್ತಿನ ಹೊರಗೇ ಉಳಿಯುತ್ತಾರೆ. ಕಚೇರಿ ಅರ್ಧ ಖಾಲಿಯಾದರೆ ಅವರಲ್ಲಿ ಅನೇಕರ ದಿನಗೂಲಿಗೇ ಕತ್ತರಿ ಬೀಳುತ್ತದೆ. ಪಾಳಿ ಬದಲಿಸಿಕೊಳ್ಳುವ ಸ್ವಾತಂತ್ರ್ಯ, ಮುಂಚಿತವಾಗಿ ತಿಳಿಸಿದ ವೇಳಾಪಟ್ಟಿ, ಕಚೇರಿ ಖಾಲಿ ಇರುವ ದಿನಗಳಿಗೂ ಕೂಲಿಯ ಭರವಸೆ ಇವರಿಗೆ ಕೊಡಬಹುದಾದ ಸಮಾನ ಸವಲತ್ತುಗಳು.

ಇವೆಲ್ಲವನ್ನೂ ಒಳಗೊಂಡ ಲಿಖಿತ ನೀತಿಯಲ್ಲಿ ಯಾವ ಹುದ್ದೆಗೆ ಎಷ್ಟು ದಿನ ಕಚೇರಿ, ದಿನ ಗೊತ್ತುಮಾಡುವವರು ಯಾರು, ಮನೆಯ ಇಂಟರ್ನೆಟ್, ಯುಪಿಎಸ್, ಕುರ್ಚಿಯ ಖರ್ಚು ಯಾರದು, ಯಾವ ಹೊತ್ತಿನ ನಂತರ ಕರೆ ಮಾಡಬಾರದು, ಯಾವ ಮಾಹಿತಿಯ ಮೇಲೆ ನಿಗಾ ಇದೆ, ವಿನಾಯಿತಿ ಕೇಳಬೇಕಾದ್ದು ಯಾರನ್ನು ಎಂಬುದು ಇರಬೇಕು. ನೀತಿ ಫಲ ಕೊಡುತ್ತಿದೆಯೇ ಎಂಬುದನ್ನು ಕೆಲಸ ಬಿಟ್ಟವರ ಪ್ರಮಾಣ, ಹೊಸಬರು ಸ್ವತಂತ್ರವಾಗಿ ಕೆಲಸ ನಿಭಾಯಿಸಲು ಹಿಡಿದ ಕಾಲ, ಬಡ್ತಿಯ ಹಂಚಿಕೆ ಈ ಮೂರರಲ್ಲಿ ಅಳೆಯಬಹುದು. ವರ್ಷಕ್ಕೊಮ್ಮೆ ಈ ಅಂಕಿಗಳನ್ನು ನೌಕರರ ಮುಂದಿಟ್ಟು ಚರ್ಚಿಸಿ ನೀತಿಯನ್ನು ತಿದ್ದುವ ಸಂಸ್ಥೆಗೆ, ದಿನಗಳ ಲೆಕ್ಕವನ್ನು ಆಗಾಗ ಆದೇಶ ಹೊರಡಿಸಿ ಬದಲಿಸುವ ಪ್ರಮೇಯ ಕಡಿಮೆ.