ಹದಿಹರೆಯದವರ ವಾಹನ ಚಾಲನೆ: ತಪ್ಪು ಕಲ್ಪನೆ ಮತ್ತು ಸತ್ಯ

ಹದಿನಾರು ತುಂಬಿದ ಮಕ್ಕಳು ಗೇರಿಲ್ಲದ ಸ್ಕೂಟರನ್ನು ಓಡಿಸಬಹುದೆಂಬುದು ಕರ್ನಾಟಕದ ಅನೇಕ ಮನೆಗಳಲ್ಲಿ ಬೇರೂರಿರುವ ನಂಬಿಕೆ. 1988ರ ಮೋಟಾರು ವಾಹನ ಕಾಯ್ದೆಯ 4ನೇ ಸೆಕ್ಷನ್ ಇಂತಹದೊಂದು ರಿಯಾಯಿತಿಯನ್ನು ಕೊಟ್ಟಿರುವುದು ನಿಜವಾದರೂ, ಅದು ಸಲ್ಲುವುದು ಎಂಜಿನ್ ಸಾಮರ್ಥ್ಯ 50 ಸಿಸಿ ಮೀರದ ವಾಹನಗಳಿಗೆ ಮಾತ್ರ, ಅದೂ ಪರವಾನಗಿ ಪಡೆದ ಮೇಲೆ. ಪಿಯು ಕಾಲೇಜುಗಳ ಮುಂದೆ ಸಾಲುಗಟ್ಟಿ ನಿಲ್ಲುವ ಸ್ಕೂಟರುಗಳು ಬಹುಪಾಲು 110 ಅಥವಾ 125 ಸಿಸಿಯವು. ಹಳ್ಳಿಗಳಲ್ಲಿ ಹಾಲಿನ ಕ್ಯಾನು ಹೊರುವ ಟಿವಿಎಸ್ ಎಕ್ಸ್‌ಎಲ್ ಕೂಡ ಇಂದು ಸುಮಾರು 100 ಸಿಸಿಯದು. ರಿಯಾಯಿತಿ ಪುಸ್ತಕದಲ್ಲಿ ಉಳಿದಿದೆ, ಅದಕ್ಕೆ ತಕ್ಕ ವಾಹನ ಅಂಗಡಿಯಲ್ಲಿ ಕಾಣುವುದು ಅಪರೂಪ.

ಸಿಕ್ಕಿಬಿದ್ದರೆ ದಂಡ ಕಟ್ಟಿ ಬಿಡಿಸಿಕೊಂಡರಾಯಿತು ಎಂಬ ಎರಡನೆಯ ನಂಬಿಕೆ ಇನ್ನೂ ಅಪಾಯಕಾರಿ. 2019ರ ತಿದ್ದುಪಡಿಯಿಂದ ಸೇರಿದ 199ಎ ಸೆಕ್ಷನ್ ಪ್ರಕಾರ, ಅಪ್ರಾಪ್ತರು, ಅಂದರೆ ಹದಿನೆಂಟು ತುಂಬದವರು, ವಾಹನ ಓಡಿಸಿ ಅಪರಾಧವೆಸಗಿದಾಗ ಅವರ ಪೋಷಕರನ್ನು ಅಥವಾ ವಾಹನದ ಮಾಲೀಕರನ್ನೇ ತಪ್ಪಿತಸ್ಥರೆಂದು ಭಾವಿಸಲಾಗುತ್ತದೆ. ಅವರಿಗೆ ಮೂರು ವರ್ಷಗಳವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ವಿಧಿಸಬಹುದು, ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ, ಮಗುವಿಗೆ 25 ವರ್ಷ ತುಂಬುವವರೆಗೆ ಕಲಿಕಾ ಪರವಾನಗಿಯೂ ದೊರೆಯುವುದಿಲ್ಲ. ವಾಹನ ಒಯ್ದದ್ದು ತಮಗೆ ತಿಳಿದಿರಲಿಲ್ಲ ಅಥವಾ ತಡೆಯಲು ತಕ್ಕ ಎಚ್ಚರ ವಹಿಸಿದ್ದೆವು ಎಂದು ಸಾಬೀತುಪಡಿಸುವ ಹೊಣೆಯೂ ಹಿರಿಯರ ಮೇಲೆಯೇ ಇದೆ.

ಕಾನೂನಿನ ಮಾತು ಬದಿಗಿಟ್ಟರೂ, “ನಮ್ಮ ಹುಡುಗ ದೊಡ್ಡವರಿಗಿಂತ ಚೆನ್ನಾಗಿ ಓಡಿಸುತ್ತಾನೆ” ಎಂಬ ಹೆಮ್ಮೆ ಉಳಿದೇ ಉಳಿಯುತ್ತದೆ, ಮತ್ತು ಸಂಶೋಧನೆ ನೇರವಾಗಿ ಎದುರಿಸಿರುವುದು ಇದನ್ನೇ. ಹದಿಹರೆಯದವರಲ್ಲಿ ಕೊರತೆಯಿರುವುದು ಕೈಚಳಕದ್ದಲ್ಲ, ಅಪಾಯವನ್ನು ಮುಂಚೆಯೇ ಗ್ರಹಿಸಿ ತನ್ನನ್ನು ತಡೆದುಕೊಳ್ಳುವ ವಿವೇಚನೆಯದು. ಇದಕ್ಕೆ ಆಧಾರವಾದ ಮೆದುಳಿನ ಮುಂಭಾಗ ಪೂರ್ಣವಾಗಿ ಬಲಿಯುವುದು ಇಪ್ಪತ್ತರ ನಡುವಯಸ್ಸಿನ ಹೊತ್ತಿಗೆ. ಮನೋವಿಜ್ಞಾನಿಗಳಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಂಪ್ಯೂಟರಿನ ಮೇಲೆ ಕಾರು ಓಡಿಸುವ ಆಟವಾಡಿದ ಹದಿಹರೆಯದವರು ಒಬ್ಬರೇ ಇದ್ದಾಗಿನದಕ್ಕಿಂತ ಗೆಳೆಯರು ಜೊತೆಗಿದ್ದಾಗ ಹೆಚ್ಚು ಅಪಾಯಕ್ಕೆ ಕೈಹಾಕಿದರು, ವಯಸ್ಕರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಹಿಂದಿನ ಸೀಟಿನಲ್ಲಿ ಇಬ್ಬರನ್ನು ಕೂರಿಸಿಕೊಂಡು ಹೊರಡುವ ಸ್ಕೂಟರಿನ ಅಪಾಯ ಬರೀ ಭಾರದ್ದಲ್ಲವೆಂಬುದು ಇದರಿಂದ ತಿಳಿಯುತ್ತದೆ. ತರಬೇತಿ ಹೆಚ್ಚಿಸಿದರೆ ಸಾಲದೇ ಎಂಬ ಪ್ರಶ್ನೆಗೂ ಉತ್ತರವಿದೆ: ಶಾಲೆಗಳಲ್ಲಿ ನೀಡುವ ಚಾಲನಾ ಶಿಕ್ಷಣದ ಬಗೆಗಿನ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2001ರ ವಿಮರ್ಶೆಯೊಂದು (ಆರೋಗ್ಯ ಸಂಶೋಧನೆಗಳನ್ನು ಕ್ರೋಡೀಕರಿಸುವ ಕಾಕ್ರೇನ್ ಸಂಸ್ಥೆಯದು), ಅದು ಅಪಘಾತಗಳನ್ನು ತಗ್ಗಿಸುತ್ತದೆಂಬುದಕ್ಕೆ ಪುರಾವೆ ಕಾಣದೆ, ಮಕ್ಕಳು ಬೇಗ ಪರವಾನಗಿ ಪಡೆಯಲು ಮಾತ್ರ ಅದು ಕಾರಣವಾಗುತ್ತದೆಂದು ಹೇಳಿತು. ಫಲ ಕೊಟ್ಟಿರುವುದು ಹಂತ ಹಂತದ ಪರವಾನಗಿ. ಅಂದರೆ ಮೊದಲ ತಿಂಗಳುಗಳಲ್ಲಿ ರಾತ್ರಿ ಚಾಲನೆಯನ್ನೂ ಗೆಳೆಯರ ಸವಾರಿಯನ್ನೂ ನಿರ್ಬಂಧಿಸಿ, ಅನುಭವ ಬೆಳೆದಂತೆ ಸಡಿಲಿಸುವ ಪದ್ಧತಿ. ನ್ಯೂಜಿಲೆಂಡ್ ಇದನ್ನು 1987ರಲ್ಲೇ ತಂದಿತು. ಭಾರತದಲ್ಲಿ ಅಂತಹ ಹಂತಗಳಿಲ್ಲದ ಕಾರಣ ಅವನ್ನು ಮನೆಯೇ ಕಲ್ಪಿಸಬೇಕು: ಚಾಲನಾ ಪರವಾನಗಿ (ಡಿಎಲ್) ಕೈಗೆ ಬಂದ ಮೊದಲ ವರ್ಷ ಕತ್ತಲಾದ ಮೇಲೆ ಬೀಗದ ಕೈ ಕೊಡದಿರುವುದು, ಹಿಂದೆ ಗೆಳೆಯರನ್ನು ಕೂರಿಸಿಕೊಳ್ಳಬಾರದೆಂದು ಕಟ್ಟುನಿಟ್ಟಾಗಿ ಹೇಳುವುದು, ಎಲ್ಲಕ್ಕಿಂತ ಮೊದಲು ತಂದೆ ತಾನೇ ಹೆಲ್ಮೆಟ್ ಧರಿಸುವುದು.

ಕೊನೆಯದಾಗಿ, ಮಕ್ಕಳಿಗೆ ವಾಹನ ಕೊಡುವುದು ಆಯಾ ಮನೆಯವರ ಖಾಸಗಿ ವಿಷಯವೆಂಬ ಭಾವನೆಯೂ ಸರಿಯಲ್ಲ. ಬೆಳಗಿನ ಬಸ್ಸು ತರಗತಿಯ ವೇಳೆಗೆ ತಲುಪದ ಊರಿನಲ್ಲಿ ತಂದೆ ತಾಯಿ ಸ್ಕೂಟರ್ ಕೊಡುವುದು ಮೋಜಿಗಾಗಿ ಅಲ್ಲ, ಅನಿವಾರ್ಯತೆಗಾಗಿ. ಅಂತಹವರನ್ನು ಬರೀ ದೂಷಿಸುವುದು ಅನ್ಯಾಯ. ಆದುದರಿಂದ ಗ್ರಾಮ ಪಂಚಾಯಿತಿ ಮತ್ತು ಶಾಲಾಭಿವೃದ್ಧಿ ಸಮಿತಿಗಳು ಬಸ್ಸಿನ ವೇಳೆ ಬದಲಿಸುವಂತೆ ಸಾರಿಗೆ ಡಿಪೋಗೆ ಒಟ್ಟಾಗಿ ಮನವಿ ಸಲ್ಲಿಸಬೇಕು, ಕಾಲೇಜುಗಳು ಡಿಎಲ್ ಇಲ್ಲದವರ ವಾಹನವನ್ನು ಆವರಣದೊಳಗೆ ಮಾತ್ರವಲ್ಲ, ಪಕ್ಕದ ಬೀದಿಯಲ್ಲಿ ನಿಲ್ಲಿಸುವುದನ್ನೂ ಪೋಷಕರ ಗಮನಕ್ಕೆ ತರಬೇಕು, ಮತ್ತು ಜೂನ್ ತಿಂಗಳ ಮೊದಲ ಪೋಷಕರ ಸಭೆಯಲ್ಲಿ ಅಂಕಗಳ ಚರ್ಚೆಗೆ ಮುನ್ನ ಈ ವಿಷಯವನ್ನು ಎತ್ತಿಕೊಳ್ಳಬೇಕು.