ನೋಡಲಿ, ಮುಟ್ಟದಿರಲಿ: ಕ್ರಿಪ್ಟೋ ಖಾತೆಗೆ ರೀಡ್-ಓನ್ಲಿ ಕೀ



ಅಮೆರಿಕದಲ್ಲಿ ತೆರಿಗೆ ತುಂಬುವವರಿಗೆ ಫಾರ್ಮ್ 1040ರ ಮೊದಲ ಪುಟದಲ್ಲೇ ಒಂದು ಪ್ರಶ್ನೆ ಎದುರಾಗುತ್ತದೆ: ಈ ವರ್ಷ ಡಿಜಿಟಲ್ ಆಸ್ತಿ ಏನಾದರೂ ಪಡೆದಿರಾ, ಮಾರಿದಿರಾ? ಬಿಟ್‌ಕಾಯಿನ್ ಕೊಟ್ಟು ಈಥರ್ ತೆಗೆದುಕೊಂಡಿದ್ದರೂ ಐಆರ್‌ಎಸ್ ಲೆಕ್ಕದಲ್ಲಿ ಅದು ಮಾರಾಟವೇ. ವರ್ಷಕ್ಕೆ ಇನ್ನೂರು ಸಲ ಹೀಗೆ ಅದಲು ಬದಲು ಮಾಡಿದವರು ಕೈಲೆಕ್ಕ ಹಾಕಲಾರರು. ಅದಕ್ಕೇ ಕಾಯಿನ್‌ಟ್ರ್ಯಾಕರ್, ಕಾಯಿನ್ಲಿಯಂಥ ತಂತ್ರಾಂಶಗಳಿವೆ. ಅವು ನಿಮ್ಮನ್ನು ಮೊದಲು ಕೇಳುವುದು ಎಕ್ಸ್‌ಚೇಂಜ್ ಖಾತೆಯ ಎಪಿಐ ಕೀ.

ಎಪಿಐ ಕೀ ಎಂದರೆ ನಿಮ್ಮ ಪಾಸ್‌ವರ್ಡ್ ಕೊಡದೆ ಇನ್ನೊಂದು ತಂತ್ರಾಂಶಕ್ಕೆ ನಿಮ್ಮ ಖಾತೆಯೊಳಗೆ ದಾರಿ ಬಿಡುವುದು. ಎಷ್ಟು ದಾರಿ ಎಂಬುದನ್ನು ಕೀ ಮಾಡುವಾಗ ನೀವೇ ಗೊತ್ತು ಮಾಡುತ್ತೀರಿ. ಊರಿಗೆ ಹೋದಾಗ ಅಜ್ಜನ ಬ್ಯಾಂಕ್ ಪಾಸ್‌ಬುಕ್ ನೋಡಿರಬಹುದು. ಅದನ್ನು ಯಾರಿಗಾದರೂ ತೋರಿಸಿದರೆ ಎಷ್ಟು ದುಡ್ಡಿದೆ ಎಂದು ತಿಳಿಯುತ್ತದೆ, ಅಷ್ಟೇ. ಸಹಿ ಹಾಕಿದ ಖಾಲಿ ಚೆಕ್ ಕೊಟ್ಟರೆ ಕಥೆಯೇ ಬೇರೆ. ರೀಡ್-ಓನ್ಲಿ ಕೀ ಪಾಸ್‌ಬುಕ್ಕಿನ ಹಾಗೆ. ಹಣ ಹೊರಕ್ಕೆ ಕಳಿಸುವ ಅನುಮತಿ ಇರುವ ಕೀ, ಆ ಚೆಕ್ಕಿನ ಹಾಗೆ.

ಇಷ್ಟು ಎಲ್ಲರಿಗೂ ಬೇಗ ಅರ್ಥವಾಗುತ್ತದೆ. ಹೆಚ್ಚಿನವರು ಎಡವುವುದು ಈ ಎರಡರ ನಡುವಿನ ಮೂರನೆಯದರಲ್ಲಿ, ಅಂದರೆ ಟ್ರೇಡ್ ಅನುಮತಿಯಲ್ಲಿ. "ವಿತ್‌ಡ್ರಾ ಆಫ್ ಇದೆಯಲ್ಲ, ಟ್ರೇಡ್ ಆನ್ ಇದ್ದರೇನು, ಹಣ ಹೊರಗೆ ಹೋಗುವುದಿಲ್ಲವಲ್ಲ" ಎಂದುಕೊಳ್ಳುತ್ತಾರೆ. ಹೋಗುತ್ತದೆ. ನಿಮ್ಮ ಅಂಗಡಿಯ ಗಲ್ಲಾಪೆಟ್ಟಿಗೆ ಮುಟ್ಟಬೇಡ, ಸಾಮಾನು ಮಾತ್ರ ಕೊಂಡು ಹಾಕು ಎಂದು ಒಬ್ಬನನ್ನು ಕೂರಿಸಿದ್ದೀರಿ ಎನ್ನಿ. ಅವನು ತನ್ನ ಗೆಳೆಯನಿಂದ ಕೊಳೆತ ತೆಂಗಿನಕಾಯಿಯನ್ನು ಹತ್ತು ಪಟ್ಟು ಬೆಲೆಗೆ ಕೊಂಡರೆ? ಪೆಟ್ಟಿಗೆಗೆ ಕೈ ಹಾಕದೆಯೇ ಪೆಟ್ಟಿಗೆ ಖಾಲಿ.

2018ರ ಮಾರ್ಚ್ 7ರಂದು ಬೈನಾನ್ಸ್‌ನಲ್ಲಿ ಕಳ್ಳರು ಹೂಡಿದ ಆಟ ಇದೇ. ನಕಲಿ ಜಾಲತಾಣದ ಮೂಲಕ ಬಳಕೆದಾರರ ಲಾಗಿನ್ ಕದ್ದಿದ್ದರು. ಆ ಖಾತೆಗಳಲ್ಲಿ ಸದ್ದಿಲ್ಲದೆ ಟ್ರೇಡಿಂಗ್ ಕೀಗಳನ್ನು ಮಾಡಿಟ್ಟು ಕಾದರು. ಆ ದಿನ ಎರಡೇ ನಿಮಿಷದಲ್ಲಿ, ಕದ್ದ ಖಾತೆಗಳ ಬಿಟ್‌ಕಾಯಿನ್‌ನಿಂದ ವಯಾಕಾಯಿನ್ ಎಂಬ ಸಣ್ಣ ನಾಣ್ಯವನ್ನು ಸಿಕ್ಕ ಬೆಲೆಗೆ ಕೊಂಡರು. ಮೊದಲೇ ವಯಾಕಾಯಿನ್ ತುಂಬಿಸಿಟ್ಟಿದ್ದ ತಮ್ಮದೇ 31 ಖಾತೆಗಳಿಂದ ಅದನ್ನು ಏರಿದ ಬೆಲೆಗೆ ಮಾರಿದರು. ಬೈನಾನ್ಸ್‌ನ ಎಚ್ಚರಿಕೆ ವ್ಯವಸ್ಥೆ ವಿತ್‌ಡ್ರಾ ನಿಲ್ಲಿಸಿದ್ದರಿಂದ ಹಣ ಹೊರಗೆ ಹೋಗಲಿಲ್ಲ. ಪ್ರತಿ ಸಲವೂ ಹಾಗಾಗುತ್ತದೆ ಎಂದು ನಂಬಿ ಕೂರುವಂತಿಲ್ಲ. 2022ರ ಡಿಸೆಂಬರ್‌ನಲ್ಲಿ ತ್ರೀಕಾಮಾಸ್ ಎಂಬ ಟ್ರೇಡಿಂಗ್ ಬಾಟ್ ಕಂಪನಿಯಿಂದ ಗ್ರಾಹಕರ ಕೀಗಳೇ ಸೋರಿಹೋದವು. ಮೊದಲು ಅಲ್ಲಗಳೆದಿದ್ದ ಕಂಪನಿ ಕಡೆಗೆ ಒಪ್ಪಿಕೊಂಡಿತು. ಅಂದರೆ ನೀವು ಎಷ್ಟೇ ಜಾಗ್ರತೆಯಾಗಿದ್ದರೂ ಕೀ ಇನ್ನೊಬ್ಬರ ಸರ್ವರ್‌ನಲ್ಲಿ ಇರುತ್ತದೆ. ಅದು ಕಳ್ಳರ ಕೈಗೆ ಸಿಕ್ಕ ದಿನ ಎಷ್ಟು ಹಾನಿ ಎಂಬುದು, ನೀವು ಇವತ್ತು ಟಿಕ್ ಮಾಡುವ ಚೌಕಗಳ ಮೇಲೆ ನಿಂತಿದೆ.

ಕ್ರಾಕೆನ್ ಖಾತೆಯನ್ನೇ ನೋಡೋಣ, ಏಕೆಂದರೆ ಅಲ್ಲಿ ಅನುಮತಿಗಳನ್ನು ಬಿಡಿಬಿಡಿಯಾಗಿ ಕೊಟ್ಟಿದ್ದಾರೆ. ಬುಕ್‌ಮಾರ್ಕ್‌ನಿಂದಲೇ ಲಾಗಿನ್ ಆಗಿ. ಇಮೇಲ್‌ನಲ್ಲಿ ಬಂದ ಕೊಂಡಿಯಿಂದ ಬೇಡ. ಸೆಟ್ಟಿಂಗ್ಸ್‌ನಲ್ಲಿ ಎಪಿಐ ಎಂಬಲ್ಲಿ ಹೊಸ ಕೀ ಆರಂಭಿಸಿ, ಯಾವ ಕೆಲಸಕ್ಕೋ ಆ ಹೆಸರಿಡಿ. ಹೆಸರಿನಲ್ಲಿ ಕ್ವೆರಿ ಎಂದಿರುವ ಅನುಮತಿಗಳು ಓದುವುದಕ್ಕೆ: ಇರುವ ಹಣ, ಮುಗಿದ ವಹಿವಾಟು, ಲೆಡ್ಜರ್. ತೆರಿಗೆ ಲೆಕ್ಕಕ್ಕೆ ಬೇಕಾದದ್ದು ಈ ಬಗೆಯವು. ವಿತ್‌ಡ್ರಾ, ಕ್ರಿಯೇಟ್, ಮಾಡಿಫೈ, ಕ್ಯಾನ್ಸಲ್ ಎಂದಿರುವ ಯಾವುದನ್ನೂ ಮುಟ್ಟಬೇಡಿ. ಲೆಕ್ಕ ಮಾತ್ರ ಹಾಕುವ ತಂತ್ರಾಂಶ ಟ್ರೇಡ್ ಅನುಮತಿಯನ್ನೂ ಕೇಳಿದರೆ ಅದನ್ನು ಬಿಟ್ಟು ಬೇರೆ ಹುಡುಕಿ. ಕೀಗೆ ಅವಧಿ ಹಾಕುವ ಸೌಲಭ್ಯವೂ ಇದೆ; ಒಂದೆರಡು ವಾರ ಸಾಕು. ತಂತ್ರಾಂಶದವರು ತಮ್ಮ ಸರ್ವರ್‌ನ ಐಪಿ ವಿಳಾಸ ತಿಳಿಸಿದ್ದರೆ, ಅಲ್ಲಿಂದ ಮಾತ್ರ ಕೀ ನಡೆಯುವಂತೆ ಬಿಗಿ ಮಾಡಿ.

ಆಮೇಲೆ ಎರಡು ಉದ್ದನೆಯ ಅಕ್ಷರಸಾಲುಗಳು ಬರುತ್ತವೆ. ಒಂದು ಕೀ, ಇನ್ನೊಂದು ಅದರ ಗುಟ್ಟು. ಗುಟ್ಟನ್ನು ಒಮ್ಮೆ ಮಾತ್ರ ತೋರಿಸುತ್ತಾರೆ. ಸ್ಕ್ರೀನ್‌ಶಾಟ್ ತೆಗೆಯಬೇಡಿ, ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಬೇಡಿ. ಕಳೆದುಹೋದರೆ ಚಿಂತೆಯಿಲ್ಲ, ಆ ಕೀ ಅಳಿಸಿ ಹೊಸದು ಮಾಡಿದರಾಯಿತು. ಪೈಥಾನ್ ಬರೆಯುವವರಿಗೊಂದು ಮಾತು: ಕೋಡ್ ಒಳಗೇ ಗುಟ್ಟು ಬರೆದು ಗಿಟ್‌ಹಬ್‌ಗೆ ಏರಿಸಬೇಡಿ.

ಪಾಸ್‌ಬುಕ್ ತೋರಿಸುವುದೂ ಪೂರ್ತಿ ನಿರಪಾಯವಲ್ಲ. ನಿಮ್ಮಲ್ಲಿ ಎಷ್ಟಿದೆ ಎಂದು ತಿಳಿದವನು, ಎಕ್ಸ್‌ಚೇಂಜ್‌ನವನಂತೆ ಫೋನ್ ಮಾಡಿ ಆ ಅಂಕಿಯನ್ನೇ ಹೇಳಿ ನಂಬಿಸಬಲ್ಲ. ಹಾಗಾಗಿ ವರ್ಷಕ್ಕೆ ಹತ್ತೇ ವಹಿವಾಟು ಮಾಡುವವರಿಗೆ ನನ್ನ ಸಲಹೆ, ಕೀ ಗೊಡವೆಯೇ ಬೇಡ. ಖಾತೆಯ ವಹಿವಾಟಿನ ಸಿಎಸ್‌ವಿ ಕಡತ ಇಳಿಸಿಕೊಂಡು ಅದನ್ನೇ ತಂತ್ರಾಂಶಕ್ಕೆ ಕೊಡಿ.

ಕೀ ಮಾಡಿಕೊಂಡಿದ್ದರೆ, ತೆರಿಗೆ ತುಂಬಿದ ದಿನವೇ ಅದನ್ನು ಅಳಿಸಿ. ಹಾಗೆಯೇ ಆ ಪುಟದಲ್ಲಿರುವ ಪಟ್ಟಿಯನ್ನೂ ಒಮ್ಮೆ ಓದಿ. ನೀವು ಮಾಡದ ಕೀ ಅಲ್ಲಿ ಕಂಡರೆ ಮೊದಲು ಅದನ್ನು ತೆಗೆಯಿರಿ, ಕೂಡಲೇ ಪಾಸ್‌ವರ್ಡ್ ಬದಲಿಸಿ, ಆಮೇಲೆ ಎಕ್ಸ್‌ಚೇಂಜ್‌ಗೆ ತಿಳಿಸಿ.