ಶ್ವಾಸಕೋಶ ಕಸಿ ಮತ್ತು ಕೊಲೆಸ್ಟೆರಾಲ್: ಒಂದು ಅಂಕಿಯ ಎರಡು ಓದು

ರಕ್ತಪರೀಕ್ಷೆಯ ವರದಿ ಕೈಗೆ ಬಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣು ಕೊಲೆಸ್ಟೆರಾಲಿನ ಸಾಲನ್ನು ಹುಡುಕುತ್ತದೆ. ನೂರು ಮಿಲಿಲೀಟರಿನಲ್ಲಿ 200 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ನೆಮ್ಮದಿ; ಹೆಚ್ಚಿದ್ದರೆ ತುಪ್ಪದ ಗಿಂಡಿ ಅಂದೇ ಅಟ್ಟ ಸೇರುತ್ತದೆ. ಆರೋಗ್ಯವಂತರ ಮಟ್ಟಿಗೆ ಈ ಅಳತೆಗೋಲು ಬಹುಪಾಲು ಸರಿಯೇ. ಆದರೆ ಇನ್ನೊಬ್ಬರ ಶ್ವಾಸಕೋಶವನ್ನು ಪಡೆದು ಬದುಕುತ್ತಿರುವ ರೋಗಿಯಲ್ಲಿ ಅದೇ ಅಂಕಿಯನ್ನು ಬೇರೆಯಾಗಿ ಓದಬೇಕಾಗುತ್ತದೆ.

ಮನುಷ್ಯನಲ್ಲಿ ಮೊದಲ ಶ್ವಾಸಕೋಶ ಕಸಿಯನ್ನು 1963ರ ಜೂನ್ ತಿಂಗಳಲ್ಲಿ ಅಮೆರಿಕದ ಮಿಸಿಸಿಪಿಯಲ್ಲಿ ಜೇಮ್ಸ್ ಹಾರ್ಡಿ ನೆರವೇರಿಸಿದರು. ರೋಗಿ ಬದುಕಿದ್ದು 18 ದಿನ. 1983ರಲ್ಲಿ ಕೆನಡಾದ ಟೊರಾಂಟೊದಲ್ಲಿ ಜೋಯಲ್ ಕೂಪರ್ ಮಾಡಿದ ಕಸಿಯ ರೋಗಿ ಆರು ವರ್ಷಗಳಿಗೂ ಮಿಗಿಲಾಗಿ ಬದುಕಿದರು. ಈ ಎರಡು ಘಟನೆಗಳ ನಡುವೆ, ನಾರ್ವೆಯ ಮಣ್ಣಿನಲ್ಲಿ ದೊರೆತ ಒಂದು ಶಿಲೀಂಧ್ರದಿಂದ ಸೈಕ್ಲೋಸ್ಪೋರಿನ್ ಎಂಬ ಔಷಧ ಬಂದಿತ್ತು. ದೇಹದ ಪ್ರತಿರಕ್ಷಾ ವ್ಯವಸ್ಥೆಯನ್ನು ಹದವಾಗಿ ತಗ್ಗಿಸಿ, ಹೊಸ ಅಂಗವನ್ನು ಅದು ತಿರಸ್ಕರಿಸದಂತೆ ತಡೆಯುವ ಔಷಧವಿದು. ಹಾಗಿದ್ದೂ ಇಂದಿಗೂ ಶ್ವಾಸಕೋಶ ಪಡೆದವರಲ್ಲಿ ಅರ್ಧದಷ್ಟು ಮಂದಿ ಮಾತ್ರ ಆರೇಳು ವರ್ಷಗಳನ್ನು ದಾಟುತ್ತಾರೆ. ಪ್ರತಿ ಉಸಿರಿನೊಂದಿಗೆ ಹೊರಗಾಳಿಗೆ, ಧೂಳಿಗೆ, ಸೋಂಕಿಗೆ ತೆರೆದುಕೊಳ್ಳುವ ಅಂಗ ಇದು. ಕಾಲಕ್ರಮದಲ್ಲಿ ಅದರ ಸಣ್ಣ ಶ್ವಾಸನಾಳಿಕೆಗಳು ಕಲೆಗಟ್ಟಿ ಮುಚ್ಚಿಹೋಗುವ ದೀರ್ಘಕಾಲೀನ ತಿರಸ್ಕರಣೆಯೇ ದೊಡ್ಡ ಶತ್ರು.

ಕೊಲೆಸ್ಟೆರಾಲ್ ಪ್ರವೇಶಿಸುವುದು ಇಲ್ಲಿ. ಯಕೃತ್ತು ಕೊಲೆಸ್ಟೆರಾಲನ್ನು ಪಿತ್ತಾಮ್ಲವಾಗಿ ಮಾರ್ಪಡಿಸಿ ಹೊರಹಾಕುವ ಕಾರ್ಯಕ್ಕೆ ಸೈಕ್ಲೋಸ್ಪೋರಿನ್ ಅಡ್ಡಿಯಾಗುತ್ತದೆ. ಜೊತೆಗೆ ನೀಡುವ ಸ್ಟೀರಾಯ್ಡ್ ಹಸಿವನ್ನೂ ತೂಕವನ್ನೂ ಏರಿಸುತ್ತದೆ. ಹೀಗಾಗಿ ಕಸಿಯಾದ ಐದು ವರ್ಷಗಳೊಳಗೆ ಅರ್ಧಕ್ಕಿಂತ ಹೆಚ್ಚು ರೋಗಿಗಳ ರಕ್ತದಲ್ಲಿ ಕೊಬ್ಬಿನಂಶ ಮಿತಿ ಮೀರುತ್ತದೆ. ಅದನ್ನು ಇಳಿಸಲು ಸ್ಟ್ಯಾಟಿನ್ ವರ್ಗದ ಔಷಧಗಳಿವೆ. ಜಪಾನಿನ ಅಕಿರಾ ಎಂಡೊ 1973ರಲ್ಲಿ ಮೊದಲ ಸ್ಟ್ಯಾಟಿನ್ನನ್ನು ಕಂಡುಹಿಡಿದದ್ದೂ ಒಂದು ಬೂಷ್ಟಿನಲ್ಲಿಯೇ. ಒಂದು ಶಿಲೀಂಧ್ರ ಏರಿಸಿದ್ದನ್ನು ಇನ್ನೊಂದು ಇಳಿಸುತ್ತದೆ!

ಸ್ಟ್ಯಾಟಿನ್ ಆಯುಷ್ಯವನ್ನೂ ಹೆಚ್ಚಿಸುತ್ತದೆಯೆ? 1995ರಲ್ಲಿ ಲಾಸ್ ಏಂಜಲೀಸಿನ ವೈದ್ಯರು ಹೃದಯ ಕಸಿಯಾದ 97 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಪ್ರವಾಸ್ಟ್ಯಾಟಿನ್ ಕೊಟ್ಟರು. ವರ್ಷಾಂತ್ಯಕ್ಕೆ ಔಷಧ ಪಡೆದವರಲ್ಲಿ ಶೇ. 94, ಪಡೆಯದವರಲ್ಲಿ ಶೇ. 78 ಮಂದಿ ಬದುಕಿದ್ದರು. 2003ರಲ್ಲಿ ಪಿಟ್ಸ್‌ಬರ್ಗಿನ ತಂಡವೊಂದು ಶ್ವಾಸಕೋಶ ಪಡೆದವರ ದಾಖಲೆಗಳನ್ನು ತೆರೆದು ನೋಡಿತು. ಸ್ಟ್ಯಾಟಿನ್ ಸೇವಿಸಿದ 39 ಮಂದಿಯಲ್ಲಿ ಆರು ವರ್ಷಗಳ ಉಳಿವು ಶೇ. 91, ಸೇವಿಸದ 161 ಮಂದಿಯಲ್ಲಿ ಶೇ. 54.

ಈ ಅಂತರ ಬೆರಗು ಹುಟ್ಟಿಸುವಂಥದು. ಸ್ಟ್ಯಾಟಿನ್ ಕೊಡುವುದು ಸಾಮಾನ್ಯವಾಗಿ ಕೊಲೆಸ್ಟೆರಾಲ್ ಹೆಚ್ಚಿದವರಿಗೆ. ಎಂದರೆ, ನಮ್ಮ ಮಾಮೂಲಿ ಅಳತೆಗೋಲಿನಲ್ಲಿ ಅಪಾಯದಲ್ಲಿದ್ದವರೇ ಹೆಚ್ಚು ಕಾಲ ಬದುಕಿದರು. ಇದಕ್ಕೆ ಒಂದು ವಿವರಣೆ ಔಷಧದ ಗುಣದಲ್ಲಿದೆ. ಪ್ರತಿರಕ್ಷಾ ಕಣಗಳು ಪರಕೀಯ ವಸ್ತುವನ್ನು ಗುರುತಿಸಲು ನೆರವಾಗುವ ಅಣುಗಳನ್ನು ಸ್ಟ್ಯಾಟಿನ್‌ಗಳು ತಗ್ಗಿಸುತ್ತವೆಂದು 2000ದಲ್ಲಿ ಜಿನೀವಾದ ಸಂಶೋಧಕರು ತೋರಿಸಿದ್ದರು. ಹಾಗಾದರೆ ಲಾಭ ಬಂದದ್ದು ಕೊಲೆಸ್ಟೆರಾಲ್ ಇಳಿದುದರಿಂದಲ್ಲ, ತಿರಸ್ಕರಣೆ ತಗ್ಗಿದುದರಿಂದ ಇರಬಹುದು.

ಎರಡನೆಯ ವಿವರಣೆ ಅಷ್ಟು ಆಕರ್ಷಕವಲ್ಲ. ಆದರೆ ಅದನ್ನು ಬದಿಗೊತ್ತುವುದು ಸಲ್ಲದು. ಪಿಟ್ಸ್‌ಬರ್ಗಿನಲ್ಲಿ ಔಷಧವನ್ನು ಚೀಟಿಯೆತ್ತಿ ಹಂಚಿರಲಿಲ್ಲ. ಕೊಲೆಸ್ಟೆರಾಲ್ ಏರಲು ಕಾಲ ಬೇಕು, ಹಸಿವು ಬೇಕು, ಉಂಡದ್ದು ಮೈಗೂಡಬೇಕು. ಮೊದಲ ತಿಂಗಳುಗಳಲ್ಲಿಯೇ ತೀರಿಕೊಂಡವರಿಗೆ ಸ್ಟ್ಯಾಟಿನ್ ಬರೆದುಕೊಡುವ ಸಂದರ್ಭವೇ ಒದಗುವುದಿಲ್ಲ. ಔಷಧ ತಿಂದವರು ಬದುಕಿದರೋ, ಬದುಕಿದವರು ಔಷಧ ತಿಂದರೋ ಎಂಬುದನ್ನು ದಾಖಲೆಗಳಷ್ಟರಿಂದಲೇ ಬಿಡಿಸಲಾಗದು. ನನ್ನ ದೃಷ್ಟಿಯಲ್ಲಿ ಸತ್ಯಾಂಶ ಎರಡರಲ್ಲೂ ಇದೆ, ಶೇ. 91ರ ಅಂಕಿಯನ್ನು ಇಡಿಯಾಗಿ ಸ್ಟ್ಯಾಟಿನ್ನಿನ ಲೆಕ್ಕಕ್ಕೆ ಬರೆಯುವುದು ಉದಾರತೆಯಾದೀತು.

ಕಡಿಮೆ ಅಂಕಿಯೂ ಸದಾ ಶುಭಸೂಚಕವಲ್ಲ. ಶ್ವಾಸಕೋಶ ಕಸಿಗೆ ಬರುವ ರೋಗಗಳಲ್ಲೊಂದಾದ ಸಿಸ್ಟಿಕ್ ಫೈಬ್ರೋಸಿಸ್‌ನಲ್ಲಿ ಮೇದೋಜೀರಕ ರಸ ಕರುಳನ್ನು ಸರಿಯಾಗಿ ತಲುಪದೆ, ಆಹಾರದ ಕೊಬ್ಬು ಹೀರಲ್ಪಡದೆ, ಕೊಲೆಸ್ಟೆರಾಲ್ ತಗ್ಗಿರುತ್ತದೆ. ಅದು ಆರೋಗ್ಯವಲ್ಲ, ಕ್ಷೀಣತೆ. ತೀವ್ರ ಸೋಂಕಿನಲ್ಲಿಯೂ ಈ ಮಟ್ಟ ಕುಸಿಯುತ್ತದೆ. ಆದುದರಿಂದ ಕಸಿಯಾದವರಲ್ಲಿ ಕಾರಣವಿಲ್ಲದೆ ಇಳಿದ ಕೊಲೆಸ್ಟೆರಾಲನ್ನು ಕಂಡು ಮನೆಯವರು ಹಿಗ್ಗುವ ಮುನ್ನ ವೈದ್ಯರು ತೂಕವನ್ನೂ ಜ್ವರವನ್ನೂ ವಿಚಾರಿಸಬೇಕಾಗುತ್ತದೆ.

ಔಷಧ ಕೊಡುವಲ್ಲಿಯೂ ಸೂಕ್ಷ್ಮವಿದೆ. ಸೈಕ್ಲೋಸ್ಪೋರಿನ್ ಜೊತೆಗಿದ್ದಾಗ ಸ್ಟ್ಯಾಟಿನ್ ರಕ್ತದಲ್ಲಿ ಹಲವು ಪಟ್ಟು ಹೆಚ್ಚಾಗಿ ನಿಲ್ಲುತ್ತದೆ. ಸ್ನಾಯುಗಳು ಕರಗಿ ಮೂತ್ರಪಿಂಡ ಕೆಡುವ ಅಪಾಯವುಂಟು. ಶಿಲೀಂಧ್ರ ಸೋಂಕಿಗೆಂದು ಈ ರೋಗಿಗಳಿಗೆ ಕೊಡುವ ವೊರಿಕೊನಜೋಲ್ ಕೂಡ ಕೆಲವು ಸ್ಟ್ಯಾಟಿನ್‌ಗಳ ಮಟ್ಟವನ್ನು ಹೀಗೆಯೇ ಏರಿಸುತ್ತದೆ. ಸೈಕ್ಲೋಸ್ಪೋರಿನ್ ಸೇವಿಸುವವರಿಗೆ ಸಿಮ್ವಾಸ್ಟ್ಯಾಟಿನ್ ನಿಷಿದ್ಧ. ರೋಸುವಾಸ್ಟ್ಯಾಟಿನ್ ದಿನಕ್ಕೆ 5 ಮಿಲಿಗ್ರಾಂ ಮೀರುವಂತಿಲ್ಲ. ಹೃದ್ರೋಗವಿರುವ ನೆರೆಮನೆಯವರು ಇದೇ ಮಾತ್ರೆಯನ್ನು 20 ಮಿಲಿಗ್ರಾಂನಷ್ಟು ನುಂಗುತ್ತಿರಬಹುದು; ಆ ಲೆಕ್ಕ ಇಲ್ಲಿಗೆ ಹೊಂದದು.